ಹೆದರಿ ಬೊಗಳುವ ನಾಯಿ: ಮಲೆನಾಡಿನ ಮನೆಯಲ್ಲಿ ರಿಯಾಕ್ಟಿವ್ ನಾಯಿಯ ಜೊತೆ ಬಾಳುವೆ

ಮಲೆನಾಡಿನ ಒಂಟಿಮನೆಯಲ್ಲಿ ನಾಯಿಯಿಲ್ಲದೆ ಬದುಕು ಸಾಗುವುದಿಲ್ಲ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಎಬ್ಬಿಸಲು ಬೇಕು, ಬಾಳೆಗೊನೆಗೆ ಬಂದ ಮಂಗನ ಹಿಂಡನ್ನು ಅಟ್ಟಲು ಬೇಕು, ದಣಪೆ ದಾಟಿ ಯಾರಾದರೂ ಒಳಬಂದರೆ ಹಿತ್ತಿಲಲ್ಲಿದ್ದವರಿಗೆ ಸುದ್ದಿ ಮುಟ್ಟಿಸಲೂ ಬೇಕು. ಹಾಗಾಗಿ ಬೊಗಳುವ ನಾಯಿಯೆಂದರೆ ನಮಗೆ ಅಭಿಮಾನ. ‘ನಮ್ಮನೆ ನಾಯಿ ಒಂದು ನರಪಿಳ್ಳೆಯನ್ನೂ ಅಂಗಳಕ್ಕೆ ಬಿಡಲ್ಲ’ ಎನ್ನುವುದು ಇಲ್ಲಿ ಹೊಗಳಿಕೆಯ ಮಾತು.

ಕಷ್ಟ ಶುರುವಾಗುವುದು ಆ ಬೊಗಳು ನಿಲ್ಲದೆ ಹೋದಾಗ. ಬಂದವರು ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಎಲೆಯಡಿಕೆ ಹಾಕಿ ಊರ ಸುದ್ದಿಯೆಲ್ಲ ಮುಗಿಸಿದರೂ ನಾಯಿ ಸರಪಳಿ ಜಗ್ಗುತ್ತಲೇ ಇರುತ್ತದೆ. ಶಿವಮೊಗ್ಗದಂಥ ಪೇಟೆಯಲ್ಲಾದರೆ, ಗೋಪಾಳದಲ್ಲೋ ವಿನೋಬನಗರದಲ್ಲೋ ಬೆಳಗಿನ ವಾಕಿಂಗ್‌ಗೆ ಹೊರಟ ನಾಯಿ ರಸ್ತೆಯ ಆ ತುದಿಯಲ್ಲಿ ಇನ್ನೊಂದು ನಾಯಿ ಕಂಡದ್ದೇ ತಡ ಎರಡು ಕಾಲ ಮೇಲೆ ನಿಂತು ಕಿರುಚಾಡುತ್ತದೆ. ಹಗ್ಗ ಹಿಡಿದವರ ಭುಜ ಕಿತ್ತುಬರುತ್ತದೆ. ಗೇಟಿನಾಚೆ ಹಾಲಿನ ಪ್ಯಾಕೆಟ್ ಹಿಡಿದು ನಿಂತವರು, ‘ಏನ್ ಮಾರಾಯ್ರೆ, ಇದನ್ನ ಎಂತಕ್ಕೆ ಹೊರಗೆ ತರ್ತೀರಿ’ ಎಂದು ಕೇಳುತ್ತಾರೆ.

ಇಂಥ ನಾಯಿಗೆ ಈಗ ರಿಯಾಕ್ಟಿವ್ ನಾಯಿ ಎನ್ನುತ್ತಾರೆ. ಉಳಿದ ನಾಯಿಗಳು ಒಮ್ಮೆ ನೋಡಿ ಸುಮ್ಮನಾಗುವ ಸಂಗತಿಗೆ ಇದು ಮೈಯೆಲ್ಲ ಉರಿದಂತೆ ವರ್ತಿಸುತ್ತದೆ, ಮತ್ತೆ ಸಮಾಧಾನಕ್ಕೆ ಬರಲು ತುಂಬ ಹೊತ್ತು ಹಿಡಿಯುತ್ತದೆ. ಇದು ಒಂದು ತಳಿಯ ಗುಣವಲ್ಲ. ಬೀದಿಯಿಂದ ತಂದ ನಾಟಿ ನಾಯಿಯಲ್ಲೂ ಇರುತ್ತದೆ, ಸಾವಿರಾರು ರೂಪಾಯಿ ಕೊಟ್ಟು ತಂದ ಜಾತಿ ನಾಯಿಯಲ್ಲೂ ಇರುತ್ತದೆ. ಕೆಲವು ನಾಯಿಗಳು ಇನ್ನೊಂದರ ಜೊತೆ ಆಡುವ ಆಸೆಗೆ ಹಗ್ಗ ಅಡ್ಡಬಂತೆಂದು ರೇಗುತ್ತವೆ. ಆದರೆ ಬಹುಪಾಲು ನಾಯಿಗಳಲ್ಲಿ ಆ ಗದ್ದಲದ ಬುಡದಲ್ಲಿರುವುದು ಹೆದರಿಕೆ. ಹೆದರಿದ ಪ್ರಾಣಿಗೆ ಬೇಕಾದ ಮೊದಲ ಮದ್ದು ದೂರ. ಹೆದರಿಸಿದ ವಸ್ತುವಿಗೂ ತನಗೂ ನಡುವೆ ಸಾಕಷ್ಟು ಜಾಗ ಸಿಕ್ಕಿದರೆ ಮಾತ್ರ ಅದು ಏನನ್ನಾದರೂ ಕಲಿಯುತ್ತದೆ. ಮುಂದೆ ಬರೆಯುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ನಾಯಿಯ ಒಳಗೆ ನಡೆಯುವುದು

ಅಪಾಯ ಕಂಡಿತೆಂದು ಮಿದುಳಿಗೆ ಅನ್ನಿಸಿದ ಕೂಡಲೇ ನಾಯಿಯ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಬೆನ್ನ ಮೇಲಿನ ಕೂದಲು ನಿಮಿರುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಅಡ್ರಿನಲಿನ್ ಬೇಗ ಇಳಿದರೂ ಕಾರ್ಟಿಸಾಲ್ ಇಳಿಯಲು ಹೆಚ್ಚು ಹೊತ್ತು ಬೇಕು. ಈ ಸ್ಥಿತಿಯಲ್ಲಿರುವ ನಾಯಿಗೆ ನಿಮ್ಮ ‘ಸಿಟ್’ ಕೇಳಿಸುವುದಿಲ್ಲ, ಮೂಗಿನ ಮುಂದೆ ಹಿಡಿದ ಕೋಳಿ ತುಂಡೂ ಕಾಣಿಸುವುದಿಲ್ಲ. ಹಟಕ್ಕೆ ಹಾಗೆ ಮಾಡುತ್ತಿದೆ ಎಂದುಕೊಳ್ಳುವುದು ಅನ್ಯಾಯ. ತಿನ್ನುವುದು, ಯೋಚಿಸುವುದು, ಮಾತು ಕೇಳುವುದು ಎಲ್ಲವನ್ನೂ ಆ ಗಳಿಗೆಯಲ್ಲಿ ದೇಹವೇ ಬದಿಗೆ ಸರಿಸಿರುತ್ತದೆ.

ಪ್ರತಿ ನಾಯಿಗೂ ಒಂದು ಗೆರೆ ಇರುತ್ತದೆ. ಗೆರೆಯ ಈಚೆಗಿದ್ದಾಗ ಅದು ನೋಡುತ್ತದೆ, ಕಿವಿ ನಿಮಿರಿಸುತ್ತದೆ, ಆದರೂ ನಿಮ್ಮ ಕೈಯಿಂದ ತಿನ್ನುತ್ತದೆ. ಗೆರೆ ದಾಟಿತೋ, ಮುಗಿಯಿತು. ಈ ಗೆರೆ ದಿನಾ ಒಂದೇ ಕಡೆ ಇರುವುದಿಲ್ಲ ಎನ್ನುವುದೇ ಹಲವರನ್ನು ಗೊಂದಲಕ್ಕೆ ಕೆಡಹುವುದು. ‘ನಿನ್ನೆ ಅದೇ ನಾಯಿಯ ಎದುರು ಸುಮ್ಮನೆ ಹೋಯಿತು, ಇವತ್ತು ಎಂತ ಬಂತು ಇದಕ್ಕೆ?’ ಎಂದು ಕೇಳುತ್ತಾರೆ. ಶಿವಮೊಗ್ಗದವರಿಗೆ ಇದನ್ನು ಹೇಳುವುದು ಸುಲಭ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗಿರುವ ಮಂಟಪ, ಪೇಟೆಯಲ್ಲಿ ಹನಿ ಮಳೆಯಿಲ್ಲದ ದಿನವೂ ಮುಳುಗುವುದುಂಟು. ಆ ನೀರು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಮೊದಲೇ ಸುರಿದು ಬಂದದ್ದು. ನಾಯಿಯದೂ ಹಾಗೆಯೇ. ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಇಳಿಸಿದ ಸದ್ದು, ಮಧ್ಯಾಹ್ನ ಪಕ್ಕದ ತೋಟದಲ್ಲಿ ಮಂಗ ಓಡಿಸಲು ಹೊಡೆದ ಪಟಾಕಿ, ಸಂಜೆ ಬಂದ ಕೊರಿಯರ್ ಹುಡುಗನ ಬೈಕು, ಇವೆಲ್ಲ ಒಂದರ ಮೇಲೊಂದು ಏರಿ ನಿಂತಿರುತ್ತವೆ. ಕೊನೆಗೆ ಬಾಲ ಅಲ್ಲಾಡಿಸುತ್ತ ಬಂದ ಪಕ್ಕದ ಮನೆಯ ಮರಿ ನೋಡಿ ನಾಯಿ ಸಿಡಿಯುತ್ತದೆ, ದೂರು ಆ ಮರಿಯ ಮೇಲೆ ಬೀಳುತ್ತದೆ. ಹಾಗಾಗಿ ಒಂದು ಕೆಟ್ಟ ದಿನ ಕಳೆದ ಮೇಲೆ ಒಂದೆರಡು ದಿನ ವಾಕಿಂಗ್ ಬಿಟ್ಟು ನಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಸೋಮಾರಿತನವಲ್ಲ, ಅದೂ ಚಿಕಿತ್ಸೆಯೇ.

ಯಾಕೆ ಹೀಗಾಯಿತು

ನಾಯಿಮರಿಗೆ ಸುಮಾರು ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಲೋಕಪರಿಚಯದ ಕಾಲ. ಆಗ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ ಸಹಜ ಎಂದು ಮನಸ್ಸಿಗೆ ಹೋಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇಲಿಯೊಳಗೆ ಮನುಷ್ಯರ ಒಡನಾಟವೇ ಇಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಆಮೇಲೆ ಮನುಷ್ಯರಿಗೆ ಸರಿಯಾಗಿ ಹೊಂದಿಕೊಳ್ಳಲೇ ಇಲ್ಲ.

ಇದನ್ನು ನಮ್ಮ ಕಡೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಆರಿದ್ರೆ ಮಳೆಯ ಹೊತ್ತಿಗೆ ಹುಟ್ಟಿದ ಮರಿ ಹೊಸನಗರದ ಆಚೆಯ ಒಂಟಿಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮನೆಗೆ ಬರುವವರೇ ಇಲ್ಲ. ಕಂಬಳಿಕೊಪ್ಪೆ ಹಾಕಿದ ಮನೆಯವರು, ದನ, ಎಡೆಬಿಡದ ಮಳೆಯ ಸದ್ದು, ಇಷ್ಟೇ ಅದರ ಲೋಕ. ಮಳೆ ಹೊಳವಾಗಿ ಜನ ಓಡಾಡುವ ಹೊತ್ತಿಗೆ ಆ ಕಾಲ ಮುಗಿದಿರುತ್ತದೆ. ಆಮೇಲೆ ಹೆಲ್ಮೆಟ್ ಹಾಕಿದ ಮನುಷ್ಯ, ಸ್ಕೂಲ್ ಬ್ಯಾಗಿನ ಮಗು, ಊರುಗೋಲು ಹಿಡಿದ ಅಜ್ಜ, ಎಲ್ಲರೂ ಅದಕ್ಕೆ ಭೂತವೇ. ಇದರ ಜೊತೆಗೆ ಮರಿಯನ್ನು ತಾಯಿಯಿಂದ ಬೇಗ ಬಿಡಿಸಿ ಗೋಣಿಚೀಲದಲ್ಲಿ ತರುವ ರೂಢಿ ಬೇರೆ. ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ಕುರಿತ ಕೇಂದ್ರದ 2017ರ ನಿಯಮ, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುತ್ತದೆ. ಕೊಂಡು ತಂದರೂ ಸರಿ, ಬಿಟ್ಟಿ ತಂದರೂ ಸರಿ, ಆ ಎಂಟು ವಾರ ಮರಿ ತಾಯಿಯ ಜೊತೆ, ಒಡಹುಟ್ಟಿದವರ ಜೊತೆ ಇರಬೇಕು.

ಎರಡನೆಯ ಕಾರಣ ನಮ್ಮ ಕಣ್ಣೆದುರೇ ದಿನಾ ನಡೆಯುತ್ತದೆ, ಆದರೂ ಗಮನಕ್ಕೆ ಬರುವುದಿಲ್ಲ. ಪೋಸ್ಟಿನವರು ಬರುತ್ತಾರೆ, ನಾಯಿ ಬೊಗಳುತ್ತದೆ, ಕಾಗದ ಕೊಟ್ಟು ಅವರು ಹೋಗುತ್ತಾರೆ. ಅವರು ಹೇಗೂ ಹೋಗುವವರೇ. ಆದರೆ ನಾಯಿಯ ಲೆಕ್ಕದಲ್ಲಿ, ತಾನು ಬೊಗಳಿದ್ದಕ್ಕೆ ಅಪಾಯ ದೂರವಾಯಿತು. ಮಾರನೆಯ ದಿನ ಇನ್ನೂ ಜೋರಾಗಿ ಬೊಗಳುತ್ತದೆ, ಮತ್ತೆ ಗೆಲ್ಲುತ್ತದೆ. ವರ್ಷಗಟ್ಟಲೆ ದಿನಾ ಗೆದ್ದ ಅಭ್ಯಾಸವನ್ನು ಒಂದು ಗದರಿಕೆಯಿಂದ ಬಿಡಿಸಲು ಆಗುವುದೇ?

ಸರಪಳಿಯದು ಮೂರನೆಯ ಕಾರಣ. ಹೆದರಿದ ಪ್ರಾಣಿಗೆ ಓಡಿಹೋಗುವ ದಾರಿ ಇದ್ದರೆ ಅದು ಸಾಮಾನ್ಯವಾಗಿ ಓಡಿಹೋಗುವುದನ್ನೇ ಆರಿಸಿಕೊಳ್ಳುತ್ತದೆ. ಕಟ್ಟಿಹಾಕಿದ ನಾಯಿಗೆ ಆ ದಾರಿ ಮುಚ್ಚಿದೆ. ಉಳಿದದ್ದು ಎದುರಿಗಿದ್ದವರನ್ನು ಹೆದರಿಸಿ ಓಡಿಸುವುದೊಂದೇ. ಬೀದಿಯಲ್ಲಿ ಬಿಟ್ಟಾಗ ಸಾಧುವಾಗಿರುವ ನಾಯಿ ಹಗ್ಗ ಹಾಕಿದ ಕೂಡಲೇ ರೌದ್ರಾವತಾರ ತಾಳುವುದು ಇದೇ ಕಾರಣಕ್ಕೆ. ಹಗಲಿಡೀ ಅಂಗಳದ ತುದಿಯಲ್ಲಿ, ರಸ್ತೆ ಕಾಣುವ ಕಡೆ ಕಟ್ಟಿ, ರಾತ್ರಿ ತೋಟ ಕಾಯಲು ಬಿಡುವುದು ನಮ್ಮಲ್ಲಿ ಸಾಮಾನ್ಯ. ಬೆಳೆದ ನಾಯಿಗೆ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ನಿದ್ದೆ, ವಿಶ್ರಾಂತಿ ಬೇಕು. ರಾತ್ರಿ ಹಂದಿಯ ಹಿಂದೆ ಓಡಿ ಹಗಲು ಪ್ರತಿ ಬೈಕಿಗೂ ಎದ್ದು ನಿಲ್ಲುವ ನಾಯಿಗೆ ಅದೆಲ್ಲಿ ಸಿಗಬೇಕು? ರಸ್ತೆ ಕಾಣದ ಹಿತ್ತಿಲ ಕಡೆಗೋ ಕೊಟ್ಟಿಗೆಯ ಪಕ್ಕದ ಕೋಣೆಗೋ ಅದರ ಜಾಗ ಬದಲಾಯಿಸಿದಷ್ಟಕ್ಕೇ ಅರ್ಧ ಗಲಾಟೆ ತಗ್ಗಿದ ಮನೆಗಳನ್ನು ನಾನು ನೋಡಿದ್ದೇನೆ. ಖರ್ಚಿಲ್ಲದ ಕೆಲಸ, ಮೊದಲು ಇದನ್ನೇ ಮಾಡಿ.

ಮೊದಲು ಮೈ ನೋಡಿಸಿ

ತರಬೇತಿಗೆ ಇಳಿಯುವ ಮುಂಚೆ ಪಶುವೈದ್ಯರಿಗೆ ತೋರಿಸಿ. ನೋವಿರುವ ನಾಯಿ ರೇಗುತ್ತದೆ. ಮಳೆಗಾಲದಲ್ಲಿ ಕಿವಿ ಒದ್ದೆಯಾಗಿ ಕೀವು ತುಂಬುವುದು ಇಲ್ಲಿ ತುಂಬ ಸಾಮಾನ್ಯ, ಜೋಲುಕಿವಿಯ ನಾಯಿಗಳಿಗಂತೂ ತಪ್ಪಿದ್ದಲ್ಲ. ತಲೆ ಸವರಲು ಹೋದ ಮಗುವಿನ ಕೈಗೆ ಅದು ಬಾಯಿ ಹಾಕಿದರೆ ಕಾರಣ ಸ್ವಭಾವ ಇರಲಿಕ್ಕಿಲ್ಲ, ಕಿವಿಯ ಹುಣ್ಣು ಇರಬಹುದು. ಇನ್ನು ಉಣ್ಣೆ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದಾಗಿ ಉಣ್ಣೆ ಎಂದರೆ ಮನುಷ್ಯರಿಗೆ ಅಪಾಯ ಎಂಬುದು ಈ ಭಾಗದ ಎಲ್ಲರಿಗೂ ಗೊತ್ತು. ನಾಯಿಗೂ ಉಣ್ಣೆಯಿಂದ ಎರ್ಲಿಕಿಯಾ, ಬೆಬೀಸಿಯಾದಂಥ ಬೇರೆಯೇ ಜ್ವರಗಳು ಬರುತ್ತವೆ. ಸಣ್ಣ ಜ್ವರ, ಸುಸ್ತು, ಕೀಲುನೋವು, ಮುಟ್ಟಿದರೆ ಗುರ್ ಅನ್ನುವುದು. ಹಲ್ಲುನೋವು, ಮುದಿ ನಾಯಿಯ ಸೊಂಟನೋವು, ಮಂದವಾಗುತ್ತಿರುವ ಕಣ್ಣು, ಇವನ್ನೂ ನೋಡಿಸಬೇಕು. ಶಿವಮೊಗ್ಗದ ಸುತ್ತಮುತ್ತ ಇರುವವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ನಾಯಿ ಗಲಾಟೆ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಟೇಬಲ್ಲಿನ ಮೇಲೆ ಮುದುಡಿ ಕೂತ ನಾಯಿಯನ್ನು ನೋಡಿದರೆ ವೈದ್ಯರಿಗೆ ಮನೆಯ ಕಥೆ ತಿಳಿಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ, ಕಂಡಕಂಡದ್ದನ್ನು ಕಚ್ಚಿದರೆ, ಜೊಲ್ಲು ಸುರಿಸುತ್ತ ಮೇವು ನೀರು ಬಿಟ್ಟರೆ, ಅಥವಾ ಕಾರಣವಿಲ್ಲದೆ ಮಂಕಾಗಿ ಮೂಲೆ ಸೇರಿದರೆ ಅದನ್ನು ರಿಯಾಕ್ಟಿವ್ ಎಂದುಕೊಂಡು ಹತ್ತಿರ ಹೋಗಬೇಡಿ. ರೇಬಿಸ್ ಇರಬಹುದು. ದೂರದಲ್ಲಿ ಕೂಡಿಹಾಕಿ ವೈದ್ಯರಿಗೆ ಫೋನ್ ಮಾಡಿ.

ನಾಯಿ ಮುಂಚೆಯೇ ಹೇಳುತ್ತದೆ

ಬೊಗಳುವುದು ನಾಯಿಯ ಮೊದಲ ಮಾತಲ್ಲ, ಬೇರೆ ಮಾತುಗಳನ್ನು ಯಾರೂ ಕೇಳದಿದ್ದಾಗ ಅದು ಆಡುವ ಮಾತು. ನಮ್ಮ ಮನೆಯ ಕೆಂಚನನ್ನು ನೋಡಿ ನಾನು ಇದನ್ನು ಕಲಿತದ್ದು. ದೂರದಲ್ಲಿ ಬೈಕಿನ ಸದ್ದು ಕೇಳಿದಾಗ ಅವನ ತೆರೆದ ಬಾಯಿ ಟಪ್ಪೆಂದು ಮುಚ್ಚುತ್ತದೆ. ನಾಲಗೆ ಮೂಗಿನ ತುದಿಗೆ ಒಮ್ಮೆ ತಾಗಿ ಒಳಗೆ ಹೋಗುತ್ತದೆ. ಬಾಲದ ತುದಿ ನಿಲ್ಲುತ್ತದೆ, ಮುಂದಿನ ಪಾದವೊಂದು ಅರ್ಧ ಎತ್ತಿದ್ದು ಹಾಗೇ ಉಳಿಯುತ್ತದೆ. ಆಮೇಲೆ ಕುತ್ತಿಗೆಯ ಮೇಲಿನ ಕೂದಲು. ಬೊಗಳು ಬರುವುದು ಇಷ್ಟೆಲ್ಲ ಆದ ಮೇಲೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನಲ್ಲಿ ಬಿಳುಪು ಕಾಣುವಂತೆ ನೋಡುವುದು, ಒದ್ದೆಯಿಲ್ಲದಿದ್ದರೂ ಮೈ ಕೊಡವುವುದು, ಸೆಖೆಯಿಲ್ಲದಿದ್ದರೂ ಏದುಸಿರು, ಇವೂ ಅದೇ ಸಾಲಿನವು. ಬಾಲ ಅಲ್ಲಾಡಿತೆಂದು ಖುಷಿಯಲ್ಲಿದೆ ಎಂದು ತಿಳಿಯಬೇಡಿ. ಎತ್ತರಕ್ಕೆ ಸೆಟೆದು ಬಿರುಸಾಗಿ ಅಲ್ಲಾಡುವ ಬಾಲ ಉದ್ವೇಗದ್ದು.

ಬಾಯಿ ಮುಚ್ಚಿದ ಆ ಕ್ಷಣವೇ ನಿಮ್ಮ ಕ್ಷಣ. ಆಗ ತಿರುಗಿ ನಡೆದರೆ ಜಗಳವೇ ಆಗುವುದಿಲ್ಲ.

ದೂರ ಮಾಡಿಕೊಳ್ಳುವುದು

ಮಲೆನಾಡಿನಲ್ಲಿ ಇದಕ್ಕೆ ಅನುಕೂಲವೂ ಇದೆ, ತೊಡಕೂ ಇದೆ. ಜಾಗ ಧಾರಾಳ, ಜನ ಕಡಿಮೆ. ಆದರೆ ತೋಟದ ಬೇಲಿಗಳ ನಡುವಿನ ಓಣಿಯಲ್ಲಿ ಪ್ರತಿ ಹತ್ತು ಹೆಜ್ಜೆಗೊಂದು ತಿರುವು, ಎದುರಿಗೆ ಏನು ಬರುತ್ತಿದೆ ಎಂಬುದು ಮೈಮೇಲೆ ಬರುವತನಕ ಕಾಣುವುದಿಲ್ಲ. ಹೆದರುವ ನಾಯಿಗೆ ಓಣಿ ಬೇಡ. ಕೊಯ್ಲಾದ ಗದ್ದೆಬಯಲು, ರಜೆಯ ದಿನದ ಶಾಲೆಯ ಮೈದಾನ, ಕೆರೆ ಏರಿ, ಇಂಥ ಕಣ್ಣು ಹಾಯುವ ಜಾಗ ಹುಡುಕಿ. ಪೇಟೆಯಲ್ಲಿದ್ದರೆ ಹೊತ್ತು ಬದಲಾಯಿಸಿ. ಎಲ್ಲರೂ ಹೊರಡುವ ಆರು ಗಂಟೆ ಬಿಟ್ಟು, ಬೀದಿ ನಾಯಿಗಳು ನೆರಳು ಹಿಡಿದು ಮಲಗಿರುವ ಹೊತ್ತು ಆರಿಸಿ. ಬಿಸಿಲಿಗೆ ಡಾಂಬರು ಕಾದಿದೆಯೇ ಎಂದು ಮಾತ್ರ ಅಂಗೈ ಇಟ್ಟು ನೋಡಿ.

ಕುತ್ತಿಗೆಗೆ ಬಿಗಿಯುವ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಎಳೆದಾಗ ಉಸಿರು ಕಟ್ಟುವುದೇ ಹೆದರಿಕೆಯನ್ನು ಹೆಚ್ಚಿಸುತ್ತದೆ. ಬಯಲಿನಲ್ಲಿ ದನಕ್ಕೆ ಹಾಕುವ ನೂಲಿನ ಉದ್ದ ಹಗ್ಗ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ನಾಯಿಗೆ ಅಡ್ಡಾಡಲು, ಮೂಸಲು ಜಾಗ ಸಿಗುತ್ತದೆ, ಕೈಗೂ ಹಿತ. ಮೂಸುವುದನ್ನು ತಡೆಯಲೇಬೇಡಿ. ಹಿಂದಿನ ರಾತ್ರಿ ಮುಳ್ಳುಹಂದಿ ಹಾದುಹೋದ ಜಾಗವನ್ನು ಸಾವಕಾಶವಾಗಿ ಮೂಸಿದ ನಾಯಿ, ಗಂಟೆಗಟ್ಟಲೆ ದರದರ ಎಳೆದುಕೊಂಡು ಹೋದ ನಾಯಿಗಿಂತ ಸಮಾಧಾನವಾಗಿ ಮನೆಗೆ ಬರುತ್ತದೆ. ಹೊರಗೆ ಹೋಗಲಾಗದ ಜಡಿಮಳೆಯ ದಿನ, ಒಣಗಿದ ದರಗೆಲೆಯನ್ನು ಕೊಡವಿ ಗೋಣಿಯ ಮೇಲೆ ಹರಡಿ ಅದರಲ್ಲಿ ಊಟದ ಚೂರುಗಳನ್ನು ಅಡಗಿಸಿಡಿ. ಜಗಲಿಯಲ್ಲೇ ಅದರ ಮೂಗಿಗೆ ಕೆಲಸವಾಗುತ್ತದೆ.

ಅನಿರೀಕ್ಷಿತವಾಗಿ ಬೀದಿ ನಾಯಿ ಎದುರಾದರೆ ಮಾಡಬೇಕಾದ್ದನ್ನು ಮೊದಲೇ ಮನೆಯಲ್ಲಿ ಆಟದಂತೆ ಕಲಿಸಿಡಬೇಕು. ‘ಬಾ ಹೋಗೋಣ’ ಎಂದ ಕೂಡಲೇ ನಿಮ್ಮ ಜೊತೆ ಗಿರಕ್ಕನೆ ತಿರುಗಿ ನಡೆಯುವುದು. ಬರುವ ನಾಯಿ ಬಿಡದಿದ್ದರೆ ಅದರತ್ತ ಒಂದು ಹಿಡಿ ತಿಂಡಿ ಎಸೆಯಿರಿ, ಅದು ಹೆಕ್ಕುವಷ್ಟರಲ್ಲಿ ನೀವು ದೂರ ಹೋಗಬಹುದು. ನಿಂತ ಕಾರಿನ ಮರೆ, ಕಾಂಪೌಂಡಿನ ಮರೆ ಬಳಸಿ. ನಮ್ಮ ಕಡೆಯವರ ಕೈಯಲ್ಲಿ ವರ್ಷದ ಅರ್ಧ ಕಾಲ ಕೊಡೆ ಇದ್ದೇ ಇರುತ್ತದೆ. ಕೊಡೆ ಬಿಚ್ಚುವುದು ನಿಮ್ಮ ನಾಯಿಗೆ ಮೊದಲೇ ರೂಢಿಯಾಗಿದ್ದರೆ, ಅದನ್ನು ಎರಡು ನಾಯಿಗಳ ನಡುವೆ ಪರದೆಯಂತೆ ಹಿಡಿಯಬಹುದು.

ಮನೆಗೆ ಬರುವವರ ವಿಷಯ ಸೂಕ್ಷ್ಮ. ಹೇಳಿಕೇಳಿ ಬರುವ ಪದ್ಧತಿ ನಮ್ಮಲ್ಲಿಲ್ಲ, ಹಾಗೆ ಬಂದವರೇ ನಮಗೆ ಪ್ರೀತಿ. ಆದರೂ ದಣಪೆಗೆ ‘ನಾಯಿ ಇದೆ, ದಯವಿಟ್ಟು ಇಲ್ಲಿಂದಲೇ ಕರೆಯಿರಿ’ ಎಂದು ಒಂದು ಹಲಗೆ ತೂಗುಹಾಕುವುದರಲ್ಲಿ ಅಗೌರವವಿಲ್ಲ. ಕರೆ ಕೇಳಿದ ಮೇಲೆ ನಾಯಿಯನ್ನು ಒಳಕೋಣೆಗೆ ಬಿಟ್ಟು, ಮೂಳೆಯನ್ನೋ ತಿಂಡಿ ತುಂಬಿದ ತೆಂಗಿನ ಚಿಪ್ಪನ್ನೋ ಕೊಟ್ಟು, ಬಾಗಿಲು ಹಾಕಿ ನೆಂಟರನ್ನು ಕರೆಯಿರಿ. ಮೂಳೆ ಬೇಯಿಸಿದ್ದಾಗಿರಬಾರದು, ಸೀಳುತ್ತದೆ. ‘ನಂಗೆ ನಾಯಿ ಅಂದ್ರೆ ಭಯ ಇಲ್ಲ, ಬಿಡು ತಂಗಿ’ ಎಂದು ಕೈಚಾಚಿಕೊಂಡು ಬರುವ ಮಾವನನ್ನು ತಡೆಯುವುದೇ ಹೆಚ್ಚು ಕಷ್ಟ. ‘ಭಯ ನಿಮಗಲ್ಲ ಮಾವ, ಅದಕ್ಕೆ’ ಎಂದು ಹೇಳಿ ನೋಡಿ. ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಮಾತಾಡಿಸದೆ, ಪಕ್ಕಕ್ಕೆ ತಿರುಗಿ ಕೂರುವ ನೆಂಟರೇ ನಾಯಿಗೆ ಒಳ್ಳೆಯ ನೆಂಟರು.

ಮನಸ್ಸು ಬದಲಿಸುವ ಕೆಲಸ

ದೂರ ಕೊಟ್ಟರೆ ಗಲಾಟೆ ತಪ್ಪುತ್ತದೆ, ಹೆದರಿಕೆ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಕರಗಿಸುವ ಕ್ರಮ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಕುರಿತು ಬರೆದರು. ಹುಡುಗ ತನಗಿಷ್ಟವಾದದ್ದನ್ನು ತಿನ್ನುತ್ತಿರುವಾಗ, ಅವನ ಊಟ ಕೆಡದಷ್ಟು ದೂರದಲ್ಲಿ ಪಂಜರದ ಮೊಲವನ್ನು ಇಡುತ್ತಿದ್ದರು. ದಿನ ಕಳೆದಂತೆ ಪಂಜರ ಹತ್ತಿರ ಬಂತು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಸವರಿದ. ನಾಯಿಯ ಜೊತೆ ನಾವು ಮಾಡುವುದೂ ಇದನ್ನೇ, ಒಂದಿಷ್ಟು ಬದಲಾವಣೆಯೊಂದಿಗೆ.

ಕೆಂಚನಿಗೆ ಬೇರೆ ನಾಯಿಗಳೆಂದರೆ ಆಗುತ್ತಿರಲಿಲ್ಲ. ಗದ್ದೆಯ ಈ ಬದಿಯಲ್ಲಿ ನಾನು ಅವನನ್ನು ಹಿಡಿದು ನಿಲ್ಲುತ್ತಿದ್ದೆ, ಆ ಬದಿಯ ಮನೆಯ ಅಂಗಳದಲ್ಲಿ ಕಟ್ಟಿದ ಕಂದು ನಾಯಿ ಕಾಣುತ್ತಿತ್ತು. ಜೇಬಿನಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಭಾಗದ ಸಣ್ಣ ಚೂರುಗಳು. ಕೆಂಚ ಅತ್ತ ನೋಡಿದ, ಒಂದು ಚೂರು ಬಾಯಿಗೆ. ಮತ್ತೆ ನೋಡಿದ, ಮತ್ತೊಂದು. ಕಂದು ನಾಯಿ ಹುಲ್ಲುಬಣವೆಯ ಹಿಂದೆ ಹೋದರೆ ನನ್ನ ಕೈಯೂ ನಿಂತಿತು. ಈ ಅನುಕ್ರಮವೇ ಇಡೀ ವಿದ್ಯೆ. ಮೊದಲು ನಾಯಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ತಿಂಡಿ ಮೊದಲು ತೋರಿಸಿ ಆಮೇಲೆ ನಾಯಿ ಎದುರಾದರೆ ಲೆಕ್ಕ ತಿರುಗುಮುರುಗಾಗುತ್ತದೆ, ತಿಂಡಿ ಕಂಡರೇ ‘ಏನೋ ಕಾದಿದೆ’ ಎಂದು ನಾಯಿ ಬೆದರುತ್ತದೆ. ಕೆಲವು ವಾರಗಳಾದ ಮೇಲೆ ಕೆಂಚ ಕಂದು ನಾಯಿಯನ್ನು ನೋಡಿದವನು ತಾನಾಗಿ ಕತ್ತು ತಿರುಗಿಸಿ ನನ್ನ ಮುಖ ನೋಡಿದ, ‘ಎಲ್ಲಿ ನನ್ನ ಪಾಲು’ ಎಂಬಂತೆ. ಆ ತಿರುಗುವಿಕೆ ಬರುವತನಕ ಒಂದು ಹೆಜ್ಜೆಯೂ ಹತ್ತಿರ ಹೋಗಬಾರದು. ಬಂದ ಮೇಲೂ ಒಂದೆರಡು ಹೆಜ್ಜೆಯಷ್ಟು ಮಾತ್ರ ಮುಂದೆ. ಒಂದು ಸಲಕ್ಕೆ ಐದು ನಿಮಿಷ ಧಾರಾಳ ಸಾಕು. ತಿನ್ನುವುದನ್ನು ಬಿಟ್ಟಿತೆಂದರೆ, ಅಥವಾ ಬೆರಳು ಕಚ್ಚುವಂತೆ ಬಿರುಸಾಗಿ ಕಸಿದುಕೊಂಡಿತೆಂದರೆ, ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ.

ತಿಂಡಿ ಸಾಧಾರಣದ್ದಾದರೆ ಆಗದು. ದಿನದ ಅನ್ನ, ಬಿಸ್ಕತ್ತು ಸಾಲದು. ಮಾಂಸ ತರುವ ಮನೆಯಾದರೆ ಉಪ್ಪುಖಾರ ಹಾಕದೆ ಬೇಯಿಸಿದ ಕೋಳಿ, ಈಲಿ. ತರದ ಮನೆಯಾದರೆ ಪನೀರು. ಈರುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ.

‘ಬೊಗಳುವುದಕ್ಕೆ ತಿಂಡಿ ಕೊಟ್ಟರೆ ಇನ್ನೂ ಬೊಗಳುವುದಿಲ್ಲವೇ?’ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗೆರೆಯ ಈಚೆಗೆ ಕೆಲಸ ಮಾಡುತ್ತಿದ್ದರೆ ಅದು ಬೊಗಳುತ್ತಲೇ ಇರುವುದಿಲ್ಲ. ಅಕಸ್ಮಾತ್ ಬೊಗಳಿದಾಗ ಕೊಟ್ಟರೂ ಹೆದರಿಕೆ ಹೆಚ್ಚುವುದಿಲ್ಲ. ಗುಡುಗಿಗೆ ನಡುಗುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅದರ ಭಯ ಹೆಚ್ಚಾಗುವುದುಂಟೇ?

ಹೊಡೆತದ ವಿಷಯ. ‘ಎರಡು ಬಿಟ್ಟರೆ ಸರಿಯಾಗುತ್ತದೆ’ ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಮುಳ್ಳಿನ ಪಟ್ಟಿ, ಕುತ್ತಿಗೆ ಬಿಗಿಯುವ ಸರಪಳಿ, ಶಾಕ್ ಕೊಡುವ ಕಾಲರ್ ಎಲ್ಲ ಅದೇ ಜಾತಿಯವು. ಇನ್ನೊಂದು ನಾಯಿ ಕಂಡಾಗೆಲ್ಲ ಕುತ್ತಿಗೆಗೆ ನೋವಾದರೆ, ಇನ್ನೊಂದು ನಾಯಿ ಎಂದರೆ ನೋವು ಎಂದೇ ಅದು ಕಲಿಯುತ್ತದೆ. ಗುರ್ ಅಂದದ್ದಕ್ಕೆ ಏಟು ತಿಂದ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ, ಹೆದರುವುದನ್ನು ಬಿಡುವುದಿಲ್ಲ. ಮುಂದೊಂದು ದಿನ ಸೂಚನೆಯೇ ಇಲ್ಲದೆ ಕಚ್ಚುತ್ತದೆ. ಪ್ರಾಣಿವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ತನ್ನ ನಿಲುವನ್ನು ಸ್ಪಷ್ಟವಾಗಿ ಹೇಳಿತು: ಕಚ್ಚುವ, ರೇಗುವ ನಾಯಿಗಳೂ ಸೇರಿ ಎಲ್ಲ ನಾಯಿಗಳಿಗೂ ಬಹುಮಾನದ ಮೂಲಕ ಕಲಿಸುವ ವಿಧಾನವನ್ನೇ ಬಳಸಬೇಕು.

ಮದ್ದು, ಹಬ್ಬ, ಮತ್ತು ಮನೆಮಂದಿ

ಕೆಲವು ನಾಯಿಗಳು ಇಷ್ಟೆಲ್ಲ ಮಾಡಿದರೂ ಕಲಿಯುವ ಸ್ಥಿತಿಗೇ ಬರುವುದಿಲ್ಲ. ಅವಕ್ಕೆ ವೈದ್ಯರು ಆತಂಕ ತಗ್ಗಿಸುವ ಫ್ಲುಯೊಕ್ಸೆಟಿನ್‌ನಂಥ ಮಾತ್ರೆ ಬರೆದುಕೊಡಬಹುದು. ಇದು ನಾಯಿಯನ್ನು ಮಲಗಿಸುವ ಮದ್ದಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಹೇಳದೆ ಕೇಳದೆ ನಿಲ್ಲಿಸುವಂತಿಲ್ಲ, ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡುವಂತಿಲ್ಲ. ಬರೀ ಮಂಪರು ಬರಿಸುವ ಮದ್ದಿಗಿಂತ ಇದು ಬೇರೆ. ಮಂಪರಿನಲ್ಲಿ ಕೈಕಾಲು ಆಡದಿದ್ದರೂ ಒಳಗಿನ ಹೆದರಿಕೆ ಹಾಗೇ ಇರಬಹುದು.

ದೀಪಾವಳಿಗೆ ಪಟಾಕಿಯ ಸದ್ದು ಎಲ್ಲ ಕಡೆಯೂ ಇದ್ದದ್ದೇ. ಮಲೆನಾಡಿನಲ್ಲಿ ಅದರ ಜೊತೆ ಅಂಟಿಕೆ ಪಂಟಿಕೆಯವರೂ ಬರುತ್ತಾರೆ. ದೀಪ ಹಿಡಿದು ರಾತ್ರಿಯಿಡೀ ಮನೆಮನೆಯ ಬಾಗಿಲಲ್ಲಿ ಹಾಡುವ ಗುಂಪು ನಮಗೆ ಸಂಭ್ರಮ, ಹೆದರುವ ನಾಯಿಗೆ ಕತ್ತಲಲ್ಲಿ ಬಂದ ಅಪರಿಚಿತರ ದಂಡು. ಅದೇ ಹೊತ್ತಿಗೆ ಅಡಿಕೆ ಕೊಯ್ಲೂ ಶುರು. ಅಡಿಕೆಗೊನೆ ಇಳಿಸುವ ಕೊನೆಗಾರರು, ಸುಲಿಯುವವರು, ಅಡಿಕೆ ಬೇಯಿಸುವ ಒಲೆಯ ಹೊಗೆ, ಅಂಗಳದಲ್ಲಿ ಎದ್ದ ಚಪ್ಪರ, ನಾಯಿಯ ಮನೆಯೇ ಗುರುತು ಸಿಗದಂತೆ ಬದಲಾಗುತ್ತದೆ. ಈ ತಿಂಗಳುಗಳಲ್ಲಿ ಹೊಸ ಪಾಠ ಬೇಡ. ಗದ್ದಲ ಕೇಳದ ಕೋಣೆ, ಕಿಟಕಿಗೆ ಗೋಣಿ, ಜೊತೆಗೊಬ್ಬರು ಮನುಷ್ಯರು, ಇಷ್ಟು ಸಾಕು. ದಿನಾ ಬರುವ ಕೆಲಸದವರ ಕೈಯಿಂದಲೇ ದೂರದಿಂದ ಒಂದು ಚೂರು ತಿಂಡಿ ಎಸೆಸಿದರೆ, ಕೊಯ್ಲು ಮುಗಿಯುವ ಹೊತ್ತಿಗೆ ಅವರಲ್ಲಿ ಒಂದಿಬ್ಬರು ಅದಕ್ಕೆ ತಮ್ಮವರಾಗಿರುತ್ತಾರೆ.

ಮನೆಯಲ್ಲಿ ಒಬ್ಬರು ತಿಂಡಿ ಕೊಟ್ಟು ಇನ್ನೊಬ್ಬರು ಕೋಲು ತೋರಿಸಿದರೆ ನಾಯಿಗೆ ಏನೂ ತಿಳಿಯುವುದಿಲ್ಲ. ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪಬೇಕು. ಕೆಲಸ ಒಬ್ಬರ ಹೆಗಲಿಗೆ, ಹೆಚ್ಚಾಗಿ ಮನೆಯ ಹೆಂಗಸರ ಹೆಗಲಿಗೆ, ಬಿದ್ದಿರುತ್ತದೆ. ‘ನಾಯಿ ಬಿಟ್ಟು ಬರಲಾಗಲ್ಲ’ ಎಂದು ಮದುವೆ ಮುಂಜಿ ಎಲ್ಲ ತಪ್ಪಿಸಿಕೊಂಡು, ನೆರೆಯವರ ಮಾತೂ ಕೇಳಿಸಿಕೊಂಡು ಅವರು ಸೋತಿರುತ್ತಾರೆ. ಎರಡನೆಯವರೊಬ್ಬರಿಗೆ ನಾಯಿ ಹೊಂದಿಕೊಳ್ಳುವಂತೆ ಮಾಡುವುದು ತರಬೇತಿಯಷ್ಟೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಎಷ್ಟೇ ನಂಬಿಕೆಯಿದ್ದರೂ ಚಿಕ್ಕ ಮಕ್ಕಳ ಜೊತೆ ಇಂಥ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ಕಚ್ಚುವ ಸಂಭವವಿದ್ದರೆ ಮೂತಿಗೆ ಹಾಕುವ ಬುಟ್ಟಿಯಾಕಾರದ ಮಝಲ್ ರೂಢಿ ಮಾಡಿಸಿ. ಅದರೊಳಗೆ ನಾಯಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು. ಒಳಗೆ ತಿಂಡಿ ಇಟ್ಟು ತಾನಾಗಿ ಮೂತಿ ತೂರಿಸುವಂತೆ ನಿಧಾನವಾಗಿ ಕಲಿಸಬೇಕು.

ಪ್ರತಿ ವರ್ಷ ರೇಬಿಸ್ ಲಸಿಕೆ ಹಾಕಿಸಿ, ಚೀಟಿ ಜೋಪಾನವಾಗಿಡಿ. ಕಚ್ಚಿತೆಂದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಅರಿಶಿನ ಯಾವುದೂ ಬೇಡ. ನಾಯಿಗೆ ಲಸಿಕೆಯಾಗಿದ್ದರೂ ಕಚ್ಚಿಸಿಕೊಂಡವರು ವೈದ್ಯರನ್ನು ಕಾಣಲೇಬೇಕು.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೆ ಇರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂಥ ಕಡೆ ಬಿಟ್ಟುಬರುವುದೂ ಅಪರಾಧ. ‘ಸರಿಯಾಗದ’ ನಾಯಿಯನ್ನು ಜೀಪಿಗೆ ಹಾಕಿ ಘಾಟಿಯಲ್ಲಿ ಬಿಟ್ಟು ಬರುವವರು ಇದನ್ನು ತಿಳಿದಿರಬೇಕು. ಮನೆಯವರನ್ನು ಬಿಟ್ಟು ಲೋಕವೆಲ್ಲ ಹೆದರಿಸುವ ಪ್ರಾಣಿ ಅದು. ಅದನ್ನು ಗೊತ್ತಿಲ್ಲದ ಕಾಡಿನಲ್ಲಿ, ಚಿರತೆ ತಿರುಗುವ ದಾರಿಯಲ್ಲಿ ಇಳಿಸುವುದಕ್ಕಿಂತ ದೊಡ್ಡ ಕ್ರೌರ್ಯ ನನಗೆ ತೋಚುವುದಿಲ್ಲ.

ಸುಧಾರಣೆಯನ್ನು ಅಳೆಯುವುದು ಹೇಗೆ? ಬೊಗಳಿತೋ ಇಲ್ಲವೋ ಎಂದು ಮಾತ್ರ ನೋಡಿದರೆ ನಿರಾಸೆಯೇ ಗತಿ. ಬೊಗಳಿದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನವಾಯಿತು, ಎಷ್ಟು ದೂರದಲ್ಲಿ ಮೊದಲು ಗಮನಿಸಿತು, ಆಗ ತಿನ್ನುತ್ತಿತ್ತೇ, ಇವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿಡಿ. ಮೊದಲು ಅರ್ಧ ತಾಸು ಏದುಸಿರು ಬಿಡುತ್ತಿದ್ದ ನಾಯಿ ಐದು ನಿಮಿಷಕ್ಕೆ ಮೈ ಕೊಡವಿ ಹುಲ್ಲು ಮೂಸತೊಡಗಿದರೆ ಅದು ದೊಡ್ಡ ಗೆಲುವು. ಹೀಗೆ ಅಳೆದಾಗಲೇ ತಿಂಗಳುಗಳ ಬದಲಾವಣೆ ಕಣ್ಣಿಗೆ ಕಾಣುವುದು. ಕೆಲವು ಹೆದರಿಕೆಗಳು ಪೂರ್ತಿ ಹೋಗುವುದಿಲ್ಲ. ಕೆಂಚ ಈಗ ಕಂದು ನಾಯಿಯ ಅಂಗಳದ ಮುಂದೆಯೇ ಹಾದುಹೋಗುತ್ತಾನೆ, ಹೆಲ್ಮೆಟ್ ತೆಗೆದು ಮಾತಾಡಿಸುವ ಕೊರಿಯರ್ ಹುಡುಗನ ಕೈಯಿಂದ ತಿನ್ನುತ್ತಾನೆ. ಗ್ಯಾಸ್ ಸಿಲಿಂಡರಿನ ಗಾಡಿ ಮಾತ್ರ ಇವತ್ತಿಗೂ ಆಗದು. ಅದನ್ನು ಬದಲಿಸಲು ನಾವು ಹೊರಟಿಲ್ಲ. ಗಾಡಿ ಬರುವ ದಿನ ಬೆಳಿಗ್ಗೆಯೇ ಅವನನ್ನು ಹಿಂದಿನ ಕೋಣೆಗೆ ಬಿಟ್ಟು ರೇಡಿಯೊ ಹಾಕುತ್ತೇವೆ.